ಘಟ್ಟ ಇಳಿದು ಕಡಲ ಫೋಟೋ ಕಲಿಯೋದಾದರೆ: ಕಾಪುವೋ, ಮರವಂತೆಯೋ, ಗೋಕರ್ಣವೋ?

ಹಾಸನದಲ್ಲಿ ಮನೆ ಮಾಡಿಕೊಂಡು ಕಡಲ ಫೋಟೋ ತೆಗೆಯುತ್ತೇನೆ, ಅದನ್ನೇ ಕಲಿಸುತ್ತೇನೆ ಅಂದರೆ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ "ಗೊರೂರು ಡ್ಯಾಮೇ ನಿಮ್ಮ ಸಮುದ್ರನಾ ಸಾರ್?" ಅಂತ ಕೇಳುತ್ತಾರೆ. ಅದರಲ್ಲೂ ಅರ್ಧ ನಿಜ ಇದೆ, ಮುಂದೆ ಹೇಳುತ್ತೇನೆ. ಮಳೆ ಬಿಡುತ್ತಿದ್ದ ಹಾಗೆ ಸಕಲೇಶಪುರ, ಮೂಡಿಗೆರೆ, ಬೇಲೂರು, ಚಿಕ್ಕಮಗಳೂರಿನಿಂದ ಫೋನ್ ಶುರುವಾಗುತ್ತದೆ. ಎಲ್ಲರದ್ದೂ ಒಂದೇ ಪ್ರಶ್ನೆ: ಯಾವ ಬೀಚ್ ಚೆನ್ನಾಗಿದೆ, ಯಾವ ಬ್ಯಾಚಿಗೆ ಸೇರಲಿ? ನಾನು ತಿರುಗಿ ಕೇಳುವುದೂ ಒಂದೇ: ರಾತ್ರಿ ಎಲ್ಲಿ ಮಲಗುತ್ತೀರಿ?

ತಮಾಷೆಗೆ ಕೇಳುವುದಲ್ಲ. ಕಡಲಿನಲ್ಲಿ ಫೋಟೋಗೆ ಒದಗುವ ಬೆಳಕು ಬೆಳಗ್ಗೆ ಒಂದು ಒಂದೂವರೆ ಗಂಟೆ, ಸಂಜೆ ಅಷ್ಟೇ. ನಡುವೆ ಇರುವ ಎಂಟು ಗಂಟೆ ಎಳನೀರು ಕುಡಿಯುವುದಕ್ಕೆ. ರೂಮು ನೀರಿನಿಂದ ಹದಿನೈದು ಕಿಲೋಮೀಟರ್ ದೂರವಿದ್ದರೆ ಆ ಬೆಳಗ್ಗೆಯ ಒಂದೂವರೆ ಗಂಟೆಯಲ್ಲಿ ಅರ್ಧ ದಾರಿಗೇ ಹೋಯಿತು. ಒಮ್ಮೆ 'ಕಡಲಿಗೆ ಎದುರು' ಅಂತ ಬರೆದಿದ್ದನ್ನು ನಂಬಿ ಒಂದು ವಸತಿಗೃಹ ಬುಕ್ ಮಾಡಿದ್ದೆ. ಹೋಗಿ ನೋಡಿದರೆ ಕಡಲು ನಾಲ್ಕು ಕಿಲೋಮೀಟರ್ ಆಚೆ, ಹೆದ್ದಾರಿಯ ಇನ್ನೊಂದು ಬದಿಗೆ. ಹೋಗಲಿ ಅಂದುಕೊಂಡರೆ ಬೆಳಗ್ಗೆ ಐದೂವರೆಗೆ ಗೇಟಿಗೆ ಬೀಗ, ಬೀಗದ ಕೈ ಇದ್ದವನು ಆರೂವರೆಗೆ ಬಂದ. ಆರು ಜನ ಕಲಿಯುವವರು ಟ್ರೈಪಾಡ್ ಹೆಗಲಿಗೆ ಹಾಕಿಕೊಂಡು ಗೇಟಿನ ಒಳಗೆ ಸಾಲಾಗಿ ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ಜಾಗ ಆರಿಸುವುದಕ್ಕೆ ನನ್ನ ಅಳತೆ ಇದೊಂದೇ: ಕತ್ತಲಲ್ಲಿ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗಾಡಿ ಹತ್ತದೆ ನೀರು ಮುಟ್ಟಬೇಕು.

ಈ ಅಳತೆಯಲ್ಲಿ ಮೊದಲು ಸೋಲುವುದೇ ಒಂದು ದಿನದ ಟ್ರಿಪ್. ಹಾಸನದಿಂದ ಮಂಗಳೂರಿಗೆ ಶಿರಾಡಿ ಘಾಟಿ ಮೇಲೆ ನೂರ ಎಪ್ಪತ್ತು ಕಿಲೋಮೀಟರ್ ಆಸುಪಾಸು, ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರ, ಚಾರ್ಮಾಡಿ ಮೇಲೆ ಸುಮಾರು ನೂರೈವತ್ತು. ನಾಲ್ಕು ಗಂಟೆಗೆ ಹೊರಟರೂ ಕಡಲು ಸೇರುವಾಗ ಬಿಸಿಲು ಬಲಿತಿರುತ್ತದೆ. ಸಂಜೆ ಸೂರ್ಯ ಮುಳುಗಿದ ಮೇಲೆ ಇನ್ನೊಂದು ಅರ್ಧ ಗಂಟೆ ನಿಲ್ಲಬೇಕು, ಒಳ್ಳೆ ಬಣ್ಣ ಬರುವುದೇ ಆಗ. ಆದರೆ ಒಂದು ದಿನದ ಟ್ರಿಪ್ಪಿನವರು ಅಷ್ಟು ಹೊತ್ತಿಗೆ ಗಾಡಿಯಲ್ಲಿ ಕೂತು ಹಾರ್ನ್ ಹೊಡೆಯುತ್ತಿರುತ್ತಾರೆ. ಆಮೇಲೆ ರಾತ್ರಿ ಹತ್ತರ ಮೇಲೆ ಶಿರಾಡಿಯಲ್ಲಿ ಲಾರಿಗಳ ಹಿಂದೆ ತೆವಳುತ್ತಾ ಬರುವುದು. ಫೀಸು ಕಡಿಮೆ, ಒಪ್ಪುತ್ತೇನೆ. ಸಿಗುವುದು ಒಂದು ಸೂರ್ಯಾಸ್ತ, ಅದೂ ಮುಕ್ಕಾಲು. ನಾನು ಈ ಟ್ರಿಪ್ ನಿಲ್ಲಿಸಿ ಬಹಳ ದಿನವಾಯಿತು.

"ನಮ್ಮ ಕಡಲು ಪಶ್ಚಿಮಕ್ಕಲ್ವಾ, ಬೆಳಗ್ಗೆ ಏನಿರುತ್ತೆ?" ಅನ್ನುವವರಿಗೆ ಒಂದು ಮಾತು. ಸೂರ್ಯ ಹುಟ್ಟುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲು ಕಡಲಿಗೆ ಮುಖ ಮಾಡಿ ನಿಲ್ಲಿ, ಬೆನ್ನು ಘಟ್ಟಕ್ಕಿರಲಿ. ಮೋಡ ಇಲ್ಲದಿದ್ದರೆ ನೀರಿನ ಅಂಚಿನಲ್ಲಿ ಬೂದು ನೀಲಿಯ ಒಂದು ಪಟ್ಟಿ, ಅದರ ಮೇಲೆ ತೆಳು ಗುಲಾಬಿಯ ಇನ್ನೊಂದು ಪಟ್ಟಿ ಕಾಣುತ್ತದೆ. ಆ ಬೂದು ನೀಲಿ ಭೂಮಿಯದ್ದೇ ನೆರಳು, ಗಾಳಿಯ ಮೇಲೆ ಬಿದ್ದದ್ದು. ಸೂರ್ಯ ಮೇಲೆ ಬಂದ ಹಾಗೆ ಅದು ನೀರಿಗೆ ಇಳಿದು ಮುಳುಗುತ್ತದೆ. ಸಂಜೆಯ ಕಿತ್ತಳೆಗಿಂತ ನನಗೆ ಇದೇ ಹೆಚ್ಚು ಇಷ್ಟ, ಆ ಹೊತ್ತಿಗೆ ಬೀಚಿನಲ್ಲಿ ಸೆಲ್ಫಿಯವರೂ ಇರುವುದಿಲ್ಲ. ಇದನ್ನು ನೋಡಬೇಕಾದರೆ ಹಿಂದಿನ ರಾತ್ರಿ ಅಲ್ಲೇ ಮಲಗಿರಬೇಕು, ಬೇರೆ ದಾರಿಯಿಲ್ಲ.

ಕಾಪು, ಮಲ್ಪೆ

ಮೊದಲ ಸಲ ಬರುವವರಿಗೆ ಕಣ್ಣು ಮುಚ್ಚಿಕೊಂಡು ಕಾಪು ಅನ್ನುತ್ತೇನೆ. ಮಂಗಳೂರು, ಉಡುಪಿ ನಡುವೆ, ಹೆದ್ದಾರಿಯಿಂದ ಹೆಚ್ಚು ಒಳಗಿಲ್ಲ, ನಡೆಯುವ ದೂರದಲ್ಲಿ ರೂಮು ಸಿಗುತ್ತದೆ. ದೀಪಸ್ತಂಭ 1901ರದ್ದು, ಕಡಲಿಗೆ ಚಾಚಿದ ದೊಡ್ಡ ಬಂಡೆಯ ಮೇಲೆ ನಿಂತಿದೆ, ಎರಡೂ ಬದಿಗೆ ಮರಳು. ಹೊಸಬರಿಗೆ ಚೌಕಟ್ಟು ಕಟ್ಟುವುದು ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ನಾನು ಕಂಡಿಲ್ಲ. ನೆಟ್ಟಗೆ ಒಂದು ಕಂಬ, ಅಡ್ಡಕ್ಕೆ ಒಂದು ಗೆರೆ, ಕಾಲ ಬುಡದಲ್ಲಿ ಬಂಡೆ. ಇನ್ನೇನು ಬೇಕು?

ಸೂರ್ಯ ಮುಳುಗುವ ಜಾಗ ವರ್ಷಪೂರ್ತಿ ಒಂದೇ ಅಲ್ಲ ಅನ್ನುವುದೂ ಕಾಪುವಿನಲ್ಲೇ ತಟ್ಟನೆ ತಲೆಗೆ ಹೋಗುತ್ತದೆ. ಡಿಸೆಂಬರಿನಲ್ಲಿ ನೈಋತ್ಯದ ಕಡೆಗೆ ವಾಲಿರುತ್ತಾನೆ, ಜೂನಿನಲ್ಲಿ ವಾಯವ್ಯದ ಕಡೆಗೆ, ಎರಡರ ನಡುವೆ ಹತ್ತಿರ ಹತ್ತಿರ 48 ಡಿಗ್ರಿ. ಹಾಗಾಗಿ ಚಳಿಗಾಲದಲ್ಲಿ ಸ್ತಂಭದ ಉತ್ತರದ ಮರಳಲ್ಲಿ ನಿಂತರೆ ಸೂರ್ಯ ಸ್ತಂಭದ ಬಳಿ ಬರುತ್ತಾನೆ, ಮಳೆಗಾಲದ ಹೊತ್ತಿಗೆ ದಕ್ಷಿಣಕ್ಕೆ ಹೋಗಬೇಕು. ಯಾರದ್ದೋ ಜನವರಿ ಫೋಟೋ ನೋಡಿಕೊಂಡು ಮೇ ತಿಂಗಳಲ್ಲಿ ಬಂದು "ಸೂರ್ಯ ಎಲ್ಲಿ ಸಾರ್" ಅಂದವರು ಎಷ್ಟೋ ಜನ.

ಅಲ್ಲಿನ ಬಂಡೆ ಮೇಲೆ ನಾನು ಕಲಿಸುವ ಮೊದಲ ಪಾಠ ಶಟರನ್ನು ಅರ್ಧ ಸೆಕೆಂಡ್ ತೆರೆದಿಡುವುದು. ಎಲ್ಲರೂ ಬರುವಾಗಲೇ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ತಂದಿರುತ್ತಾರೆ. ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ, ಹತ್ತಕ್ಕೆ ಸಾವಿರ ಪಟ್ಟು ತಗ್ಗುತ್ತದೆ, ಮೂವತ್ತರಲ್ಲೊಂದು ಸೆಕೆಂಡ್ ಇದ್ದದ್ದು ಅರ್ಧ ನಿಮಿಷವಾಗುತ್ತದೆ. ನೀರು ಮಂಜಿನ ಹಾಗೆ, ಸ್ಪಷ್ಟವಾಗಿ ಹೇಳಬೇಕೆಂದರೆ ಗಂಜಿ ತಿಳಿಯ ಹಾಗೆ ಆಗುತ್ತದೆ. ಅದನ್ನು ಬ್ಯಾಗಿನಲ್ಲಿಡಿಸಿ ಮೂರು ಸ್ಟಾಪಿನದ್ದು ಹಾಕಿಸುತ್ತೇನೆ. ಅಲೆ ಬಂಡೆಗೆ ಹೊಡೆಯುವಾಗ ಒತ್ತಬೇಡಿ. ಹೊಡೆದಾಯಿತು, ಹತ್ತಿತು, ನಿಂತಿತು, ಈಗ ಹಿಂದೆ ಸರಿಯುತ್ತಿದೆ ಅನ್ನುವಾಗ ಒತ್ತಿ. ನೊರೆ ಬಂಡೆಯ ಸೀಳುಗಳಲ್ಲಿ ಇಳಿಯುತ್ತಾ ಎಳೆ ಎಳೆಯಾಗಿ ಬಿಳಿ ಗೆರೆ ಬಿಡುತ್ತದೆ, ಅರ್ಧ ಸೆಕೆಂಡಿಗೆ ಆ ಎಳೆಗಳು ಒಡೆಯದೆ ಉಳಿಯುತ್ತವೆ. ಒಂದು ಸಂಜೆಗೆ ಇನ್ನೂರು ಸಲ ಒತ್ತಿದರೆ ಮೂರು ಬರುತ್ತವೆ. ಆ ಮೂರಕ್ಕೇ ಜನ ಮತ್ತೆ ಬರುವುದು.

ಮಲ್ಪೆಯನ್ನು ನಾನು ಬೀಚಿಗಾಗಿ ಆರಿಸುವುದಿಲ್ಲ, ಬಂದರಿಗಾಗಿ ಆರಿಸುತ್ತೇನೆ. ಬೀಚಿನಲ್ಲಿ ಜನ, ಗಾಡಿ, ಜೋಳ ಸುಡುವವರು. ಇನ್ನು ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ: ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಭಾರತವೂ ಮಡಗಾಸ್ಕರೂ ಬೇರೆಯಾದ ಕಾಲದ್ದು. ನೋಡಲೇಬೇಕಾದ ಜಾಗ. ಆದರೆ ದೋಣಿ ಹಗಲಲ್ಲಿ ಮಾತ್ರ, ಮಳೆಗಾಲದಲ್ಲಿ ಅದೂ ಇಲ್ಲ. ಬೆಳಕು ಚೆನ್ನಾಗಿ ಬರುವ ಹೊತ್ತಿಗೆ ನೀವು ವಾಪಸ್ ದೋಣಿಯಲ್ಲಿರುತ್ತೀರಿ. ಹಾಗಾಗಿ 'ದ್ವೀಪದಲ್ಲಿ ಸೂರ್ಯಾಸ್ತದ ಶೂಟ್' ಅಂತ ಯಾರಾದರೂ ಜಾಹೀರಾತು ಹಾಕಿದ್ದರೆ ಹಣ ಕಟ್ಟುವ ಮುಂಚೆ ದೋಣಿಯ ಸಮಯ ಕೇಳಿ.

ಮರವಂತೆ

ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಇದರ ದೊಡ್ಡ ಲಾಭ ಬೆಳಗಿನದು: ಸೂರ್ಯ ನದಿಯ ಮೇಲೆ ಹುಟ್ಟುತ್ತಾನೆ, ಸಂಜೆ ಕಡಲಿಗೆ ಇಳಿಯುತ್ತಾನೆ, ನೀವು ರಸ್ತೆ ದಾಟಿದರೆ ಸಾಕು. ಆದರೆ ಆ ರಸ್ತೆ ದಾಟುವುದೇ ತಲೆನೋವು, ಲಾರಿಗಳು ಯಾರಿಗೂ ಕಾಯುವುದಿಲ್ಲ. ಕಡಲ್ಕೊರೆತ ತಡೆಯಲು ಹಾಕಿರುವ ಕಲ್ಲುಗಳ ರಾಶಿಯಿಂದ ಹಳೇ ಫೋಟೋಗಳಲ್ಲಿ ಕಾಣುವ ಉದ್ದನೆಯ ಖಾಲಿ ಮರಳು ಈಗ ಎಲ್ಲ ಕಡೆ ಸಿಗುವುದಿಲ್ಲ. ಕೆಲವರಿಗೆ ಅದು ಬೇಸರ. ನನಗೆ ಆ ಕಲ್ಲಿನ ಸಾಲುಗಳೇ ಚೌಕಟ್ಟಿಗೆ ಒದಗುತ್ತವೆ.

ಹಾಸನದವರಿಗೆ ಇಲ್ಲೊಂದು ಅನುಕೂಲ ಉಂಟು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನಕ್ಕೆ ಬರುತ್ತದೆ. ಹತ್ತಿ ಮಲಗಿದರೆ ಘಟ್ಟ ನಿದ್ದೆಯಲ್ಲೇ ಇಳಿಯುತ್ತದೆ, ಬೆಳಗಾಗುವ ಮೊದಲು ಕುಂದಾಪುರ. ಘಾಟಿ ರಸ್ತೆ ಯಾವಾಗ ಕುಸಿಯುತ್ತದೋ ಅನ್ನುವ ಚಿಂತೆಯೂ ಕಡಿಮೆ, ಹಳಿ ಮೇಲೂ ಮಣ್ಣು ಬೀಳುತ್ತದೆ ಅನ್ನುವುದು ಬೇರೆ ಮಾತು. ಚಿಕ್ಕಮಗಳೂರಿನವರಿಗೆ ಈ ಭಾಗ್ಯವಿಲ್ಲ. ಅವರಿಗೆ ಚಾರ್ಮಾಡಿ, ಇಲ್ಲವೇ ಕುದುರೆಮುಖ, ಕಾರ್ಕಳದ ದಾರಿ. ಶೃಂಗೇರಿ, ಕೊಪ್ಪದವರಾದರೆ ಆಗುಂಬೆ ಇಳಿದು ಹೆಬ್ರಿ ಮೇಲೆ ಉಡುಪಿ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಮುಚ್ಚಿದ್ದು ಆ ಕಡೆಯವರಿಗೆ ಮರೆಯುವ ಮಾತಲ್ಲ, ಹಾಗಾಗಿ ಮಳೆಗಾಲದ ಬ್ಯಾಚಿಗೆ ಎರಡನೇ ದಾರಿ ಮನಸ್ಸಿನಲ್ಲಿರಲಿ.

ಗೋಕರ್ಣ

ಅಂದದಲ್ಲಿ ಇದನ್ನು ಮೀರಿಸುವುದು ಕಷ್ಟ. ಗುಡ್ಡ ಸೀದಾ ಕಡಲಿಗೆ ಇಳಿದಿದೆ. ಕುಡ್ಲೆ, ಓಂ, ಹಾಫ್ ಮೂನ್ ಬೀಚುಗಳ ನಡುವೆ ಗುಡ್ಡದ ಮೇಲೆ ಕಾಲುದಾರಿ, ಪ್ರತಿ ತಿರುವಿಗೂ ಹೊಸ ನೋಟ. ದಕ್ಷಿಣಕ್ಕೆ ತದಡಿಯಲ್ಲಿ ಅಘನಾಶಿನಿ ಅಳಿವೆ. ಇಳಿತದ ಹೊತ್ತಿಗೆ ಅಲ್ಲಿ ಕೆಸರಿನಲ್ಲಿ ಚಿಪ್ಪು ಆರಿಸುವವರು ಕಾಣುತ್ತಾರೆ. ಉಡುಪಿಯಿಂದಲೇ ಇನ್ನೂ ನೂರ ಎಪ್ಪತ್ತು, ನೂರ ಎಂಬತ್ತು ಕಿಲೋಮೀಟರ್ ಆದ್ದರಿಂದ ಎರಡು ರಾತ್ರಿಗೆ ಹೋಗಿ ಬರುವವರಿಗೆ ಬೇಡ, ಮೂರು ರಾತ್ರಿ ಇದ್ದರೆ ಮಾತ್ರ. ಅಲ್ಲಿ ನನಗೆ ಕಂಡ ತೊಂದರೆ ಒಂದೇ, ಮೊದಲ ಸಲ ಬಂದವರು ಎಲ್ಲ ಬೀಚೂ ಮುಟ್ಟಬೇಕು ಅಂತ ಓಡಾಡಿಬಿಡುತ್ತಾರೆ. ಫೋಟೋ ನೂರಾರು, ನಿಲ್ಲುವಂಥದ್ದು ಒಂದೂ ಇಲ್ಲ. ಒಂದೇ ಬಂಡೆ ಮುಂದೆ ಎರಡು ಸಂಜೆ ನಿಲ್ಲುವ ತಾಳ್ಮೆ ಬಂದ ಮೇಲೆ ಗೋಕರ್ಣಕ್ಕೆ ಹೋಗಿ.

ಮಂಗಳೂರಿನ ಪಕ್ಕದ ಸೋಮೇಶ್ವರ ನಮಗೆ ಎಲ್ಲಕ್ಕಿಂತ ಹತ್ತಿರ. ಅಲ್ಲಿನ ಪಾದೆಗಳು, ಅಂದರೆ ಬಂಡೆಗಳು, ಭಾರೀ ಚೆನ್ನ. ಆದರೂ ಹೊಸಬರ ಬ್ಯಾಚನ್ನು ಅಲ್ಲಿಗೆ ಒಯ್ಯುವುದಿಲ್ಲ. ಒಂದು ಏಪ್ರಿಲ್ ಸಂಜೆ, ಗಾಳಿಯಿಲ್ಲ, ಮೋಡವಿಲ್ಲ, ಕಡಲು ಎಣ್ಣೆ ಹುಯ್ದ ಹಾಗಿತ್ತು. ನೀರಿನಿಂದ ಎಂಟು ಅಡಿ ಮೇಲೆ, ಒಣಗಿದ ಬಂಡೆ ಮೇಲೆ ಬ್ಯಾಗ್ ಇಟ್ಟು ಕ್ಯಾಮೆರಾ ಜೋಡಿಸುತ್ತಿದ್ದೆ. ಎಲ್ಲಿಂದಲೋ ಒಂದು ಸಾಲು ಅಲೆ ಎದ್ದು ಬಂತು. ಬ್ಯಾಗ್ ಹೋಯಿತು, ಒಳಗೆ ಎರಡು ಲೆನ್ಸ್. ಮೀನುಗಾರರೊಬ್ಬರು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದು, "ಬ್ಯಾಗ್ ಹೋದ್ರೆ ಹೋಗ್ಲಿ ಮಾರಾಯ್ರೇ" ಅಂದರು. ಆಮೇಲೆ ಓದಿಕೊಂಡೆ: ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಉಬ್ಬಲೆ ಕೆಲವು ದಿನ ಬಿಟ್ಟು ನಮ್ಮ ದಡ ಮುಟ್ಟುತ್ತದೆ, ಇಲ್ಲಿ ಎಲೆ ಅಲ್ಲಾಡುತ್ತಿರುವುದಿಲ್ಲ. ಮಲಯಾಳಿಗಳು ಇದಕ್ಕೆ ಕಳ್ಳಕಡಲು ಅನ್ನುತ್ತಾರೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಹೆಚ್ಚು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ, ಉಬ್ಬರ ಇಳಿತದ ಸಮಯವನ್ನೂ ಕೊಡುತ್ತದೆ. ಯಾರದ್ದೇ ಬ್ಯಾಚಿಗೆ ಸೇರುವ ಮುಂಚೆ ಕಲಿಸುವವರನ್ನು "ಆ ದಿನ ಉಬ್ಬರ ಎಷ್ಟು ಗಂಟೆಗೆ?" ಅಂತ ಕೇಳಿ. ತಡಬಡಾಯಿಸಿದರೆ ನಮಸ್ಕಾರ ಹೇಳಿ ಫೋನ್ ಇಡಿ.

ಯಾವ ತಿಂಗಳು

ಪುಸ್ತಕದ ಉತ್ತರ ಅಕ್ಟೋಬರಿನಿಂದ ಫೆಬ್ರವರಿ. ನಮ್ಮ ಕಡೆಯವರಿಗೆ ಆ ಉತ್ತರ ಒಗ್ಗುವುದಿಲ್ಲ. ಕಾಫಿ ತೋಟದವರಿಗೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಕುಯ್ಲು, ಕಣ, ಆಳುಗಳ ಲೆಕ್ಕ. ಒಂದು ಮೋಡ ಕಂಡರೆ ಕಡಲಿನ ಬಣ್ಣ ನೆನಪಾಗುವುದಿಲ್ಲ, ಕಣದಲ್ಲಿ ಹರಡಿದ ಕಾಫಿ ನೆನಪಾಗುತ್ತದೆ. ಅವರಿಗೆ ಮಳೆ ಬಿಟ್ಟ ಹೊಸತರ ಅಕ್ಟೋಬರ್ ಸರಿ. ಗಾಳಿ ತೊಳೆದ ಹಾಗಿರುತ್ತದೆ, ಮೋಡವೂ ಇರುತ್ತದೆ. ತಪ್ಪಿದರೆ ಹೂಮಳೆ ಮುಗಿದ ಮೇಲೆ ಏಪ್ರಿಲ್, ಆದರೆ ಆಗ ಸೆಕೆ, ಮಬ್ಬು, ಜೊತೆಗೆ ಮೇಲೆ ಹೇಳಿದ ಕಳ್ಳ ಅಲೆ.

ಮದುವೆ ಫೋಟೋಗ್ರಾಫರುಗಳ ಲೆಕ್ಕವೇ ಬೇರೆ. ನನ್ನ ಹತ್ತಿರ ಬರುವವರಲ್ಲಿ ಅವರೇ ಹೆಚ್ಚು. ಅವರಿಗೆ ಕೈ ಖಾಲಿ ಇರುವುದು ಆಷಾಢ ಮತ್ತು ಧನುರ್ಮಾಸ. ಧನುರ್ಮಾಸ ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಪುಸ್ತಕದ ಉತ್ತರಕ್ಕೂ ಸರಿಹೊಂದುತ್ತದೆ. ಸೂರ್ಯ ಆರೂಕಾಲಿನ ಸುಮಾರಿಗೆ ಮುಳುಗುತ್ತಾನೆ, ಬೆಳಗ್ಗೆ ಏಳಕ್ಕೆ ಸ್ವಲ್ಪ ಮುಂಚೆ ಹುಟ್ಟುತ್ತಾನೆ, ಮೂರು ಗಂಟೆಗೆ ಏಳುವ ಕಷ್ಟವಿಲ್ಲ. ವರ್ಷದ ಕೊನೆಯ ವಾರ ಮಾತ್ರ ಬಿಟ್ಟುಬಿಡಿ, ರೂಮಿನ ಬಾಡಿಗೆ ಆಕಾಶಕ್ಕೆ ಏರಿರುತ್ತದೆ.

ಆಷಾಢದ ಬ್ಯಾಚಿಗೆ ಧೈರ್ಯ ಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಲ್ಪೆ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ, ಮೇಲೆ ಕಪ್ಪು ಮೋಡ. ಕಡಲಿನ ಬಣ್ಣ ಕೆಂಬೂದಿ. ವರ್ಷದಲ್ಲಿ ನನ್ನ ಒಳ್ಳೆ ಚಿತ್ರಗಳೆಲ್ಲ ಬಂದಿರುವುದು ಆಗಲೇ. ನೀರಿಗೆ ಇಳಿಯಬಾರದು, ಬಂಡೆ ಹತ್ತಬಾರದು, ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆಯಬೇಕು. ಎರಡು ದಿನ ಪೂರ್ತಿ ಮಳೆ ಹೊಡೆದು ಕ್ಯಾಮೆರಾ ಬ್ಯಾಗಿನಿಂದ ಹೊರಗೇ ಬರದೆ ಇರಬಹುದು. ಅದಕ್ಕೆ ತಯಾರಿದ್ದರೆ ಬನ್ನಿ.

ಬ್ಯಾಚೋ, ಒಬ್ಬರೇ ಕಲಿಯುವುದೋ

ಇಲ್ಲಿ ಗೊರೂರಿನ ಮಾತಿಗೆ ಬರುತ್ತೇನೆ. ಹಾಸನದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ಶೆಟ್ಟಿಹಳ್ಳಿಯಲ್ಲಿ, ಗೊರೂರು ಡ್ಯಾಮಿನ ಹೇಮಾವತಿ ಹಿನ್ನೀರಿನಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚಿನ ಗೋಡೆಗಳು ನಿಂತಿವೆ. ಮಳೆ ಜೋರಾದ ವರ್ಷ ಅರ್ಧ ಮುಳುಗುತ್ತವೆ. ಎನ್‌ಡಿ ಫಿಲ್ಟರ್ ಹಾಕುವ ಮುಂಚೆ ಫೋಕಸ್ ಲಾಕ್ ಮಾಡುವುದು, ಎಣಿಸಿ ಎಕ್ಸ್‌ಪೋಷರ್ ಕೊಡುವುದು, ಟ್ರೈಪಾಡನ್ನು ಕೆಸರಲ್ಲಿ ಅಲ್ಲಾಡದಂತೆ ನೆಡುವುದು, ಇವನ್ನೆಲ್ಲ ಅಲ್ಲೇ ಬಿಟ್ಟಿಯಾಗಿ ಕಲಿಯಬಹುದು. ಚಿಕ್ಕಮಗಳೂರಿನವರಿಗೆ ಸಖರಾಯಪಟ್ಟಣದ ಅಯ್ಯನಕೆರೆ ಇದೆ. ಅಲ್ಲಿ ನಾಲ್ಕು ಬೆಳಗ್ಗೆ ಕಳೆದು ಬಂದವರಿಗೆ ನಾನು ಕಡಲಿನಲ್ಲಿ ಕಡಲನ್ನೇ ಕಲಿಸಬಹುದು. ಉಳಿದವರಿಗೆ ಮೊದಲ ಸಂಜೆಯೆಲ್ಲ ಗುಂಡಿ ಯಾವುದು ತಿರುಪು ಯಾವುದು ಅನ್ನುವುದಕ್ಕೇ ಹೋಗುತ್ತದೆ, ಅದಕ್ಕೆ ಅವರು ಕೊಡುವ ಫೀಸು ದಂಡ.

ಬ್ಯಾಚು ಆರಿಸುವಾಗ ತಲೆ ಎಣಿಸಿ. ಒಬ್ಬ ಕಲಿಸುವವನಿಗೆ ಆರು ಜನ, ಹೆಚ್ಚೆಂದರೆ ಎಂಟು. ಹದಿನೈದು ಜನ ಬಂಡೆ ಮೇಲಿದ್ದರೆ ಕಲಿಸುವವನು ಕಾವಲುಗಾರನಾಗುತ್ತಾನೆ ಅಷ್ಟೇ. ಇನ್ನೊಂದು ನೋಡಬೇಕಾದ್ದು ಮಧ್ಯಾಹ್ನದ ಹೊತ್ತು. ಹನ್ನೊಂದರಿಂದ ಮೂರರವರೆಗೆ ಫ್ಯಾನಿನ ಕೆಳಗೆ ಕೂತು ಬೆಳಗಿನ ಚಿತ್ರಗಳನ್ನು ಒಟ್ಟಿಗೆ ನೋಡಿ, ಇದ್ಯಾಕೆ ಕೆಟ್ಟಿತು ಅಂತ ಮಾತಾಡುವ ಬ್ಯಾಚು ಒಳ್ಳೆಯದು. ಆ ಹೊತ್ತಿನಲ್ಲಿ ನಾಲ್ಕು ದೇವಸ್ಥಾನ ಸುತ್ತಿಸುವುದು ಪ್ರವಾಸ, ಅದಕ್ಕೆ ಬೇರೆಯವರಿದ್ದಾರೆ. ಒಬ್ಬರಿಗೇ ಕಲಿಸಿ ಅನ್ನುವವರೂ ಇದ್ದಾರೆ. ದುಬಾರಿ, ಮತ್ತು ನನ್ನ ಅನುಭವದಲ್ಲಿ ಹೊಸಬರಿಗೆ ಅಷ್ಟು ಲಾಭವಿಲ್ಲ. ಪಕ್ಕದಲ್ಲಿ ನಿಂತವನು ಅದೇ ಬಂಡೆಯನ್ನು ಬೇರೆ ಥರ ತೆಗೆದಿದ್ದು ನೋಡಿದಾಗ ಕಲಿಯುವಷ್ಟನ್ನು ನಾನು ಹೇಳಿ ಕಲಿಸಲಾರೆ.

ಕಲಿಸುವ ಕೆಲಸಕ್ಕೇ ಇಳಿಯುತ್ತೇನೆ ಅನ್ನುವವರಿಗೆ

ಮದುವೆ ಕೆಲಸ ಬಿಟ್ಟು ಇದನ್ನೇ ಮಾಡಲಾ ಅಂತ ವರ್ಷಕ್ಕೆ ಇಬ್ಬರಾದರೂ ಕೇಳುತ್ತಾರೆ. ನನ್ನ ಹೋದ ಧನುರ್ಮಾಸದ ಲೆಕ್ಕ ಬಿಚ್ಚಿಡುತ್ತೇನೆ. ಆರು ಜನ, ತಲೆಗೆ 9,500, ಒಟ್ಟು 57,000. ನಾಲ್ಕು ರೂಮು ಎರಡು ರಾತ್ರಿಗೆ 14,400. ಊಟ ತಿಂಡಿ 8,500. ಟೆಂಪೊ ಟ್ರಾವೆಲರ್ 13,000. ಮುಂಚೆ ಒಬ್ಬನೇ ಹೋಗಿ ಉಬ್ಬರದ ಸಮಯಕ್ಕೆ ಜಾಗ ನೋಡಿ ಬಂದ ಖರ್ಚು 4,000. ಕೈಗೆ ಉಳಿದದ್ದು 17,100, ಐದು ದಿನದ ದುಡಿಮೆಗೆ. ಹಾಸನದಲ್ಲಿ ಒಂದು ಒಳ್ಳೆ ಮದುವೆ ಒಂದೂವರೆ ದಿನದಲ್ಲಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಹಾಗಾಗಿ ಮದುವೆ ಬಿಡಬೇಡಿ, ಮುಹೂರ್ತ ಇಲ್ಲದ ತಿಂಗಳಿಗೆ ಇದನ್ನು ಜೋಡಿಸಿಕೊಳ್ಳಿ ಅನ್ನುತ್ತೇನೆ.

ಪ್ರಿಂಟ್ ಮಾರಾಟ ಪೂರಕವಾಗಿ ಒದಗುತ್ತದೆ, ಆದರೆ ಯಾರು ಕೊಳ್ಳುತ್ತಾರೆ ಅನ್ನುವುದರಲ್ಲಿ ನನ್ನ ಅಂದಾಜು ಪೂರ್ತಿ ತಪ್ಪಾಗಿತ್ತು. ಸಕಲೇಶಪುರದ ಹೋಮ್‌ಸ್ಟೇಗಳು ಕೊಳ್ಳುತ್ತವೆ ಅಂದುಕೊಂಡಿದ್ದೆ. ಅವರಿಗೆ ಬೇಕಾದ್ದು ಕಾಫಿ ಹೂವು, ಮಂಜು, ಮುಳ್ಳಯ್ಯನಗಿರಿ. ಕಡಲಿನ ಚಿತ್ರ ಕೊಳ್ಳುವವರು ಹಾಸನದ ಹಲ್ಲಿನ ಡಾಕ್ಟರುಗಳು! ಕಾಯುವ ಕೋಣೆಗೆ ಅಂತೆ, ನೀಲಿ ನೋಡಿದರೆ ಜನ ಗಾಬರಿ ಬೀಳುವುದಿಲ್ಲವಂತೆ. ಅವರಿಗೆ ಮಾತ್ರ ಆ ಅರ್ಧ ನಿಮಿಷದ ಗಂಜಿ ತಿಳಿಯೇ ಬೇಕು, ನನ್ನ ಎಳೆ ಎಳೆ ನೊರೆ ಬೇಡ.

ಮುಂಗಡ ಅರ್ಧ ತೆಗೆದುಕೊಳ್ಳಿ, ಘಾಟಿ ಮುಚ್ಚಿದರೆ ಅಥವಾ ಕಡಲಿಗೆ ಎಚ್ಚರಿಕೆ ಕೊಟ್ಟಿದ್ದರೆ ಬೇರೆ ದಿನಾಂಕ, ಬೇಡ ಅಂದವರಿಗೆ ಹಣ ವಾಪಸ್, ಇದನ್ನು ಮೊದಲೇ ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಿ. ದಡದಲ್ಲಿ ನಿಂತು ಹಗ್ಗ ಹಿಡಿದು ಕೈರಂಪಣಿ ಬಲೆ ಎಳೆಯುತ್ತಿರುವವರ ಮುಖಕ್ಕೆ ಲೆನ್ಸ್ ಹಿಡಿಯುವ ಮುಂಚೆ ನಿಮ್ಮ ಬ್ಯಾಚಿನವರು ಒಂದು ಮಾತು ಕೇಳಲಿ. ಸಾಧ್ಯವಾದರೆ ಹಗ್ಗಕ್ಕೆ ಕೈ ಹಾಕಲಿ, ಆಮೇಲೆ ಫೋಟೋ ತಾನಾಗಿ ಬರುತ್ತದೆ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡೇ ಮಾತು. ನಮ್ಮ ಊರು ಸುಮಾರು ಮೂರು ಸಾವಿರ ಅಡಿ ಎತ್ತರದ್ದು, ಚಳಿಯದ್ದು. ರಾತ್ರಿಯಿಡೀ ಎಸಿ ಗಾಡಿಯಲ್ಲಿ ತಣ್ಣಗಾದ ಲೆನ್ಸನ್ನು ಕರಾವಳಿಯ ಗಾಳಿಗೆ ಒಮ್ಮೆಲೇ ತೆಗೆದರೆ ಗಾಜು ಮಬ್ಬಾಗುತ್ತದೆ. ಬ್ಯಾಗ್ ಮುಚ್ಚಿದ ಹಾಗೆಯೇ ಅರ್ಧ ಗಂಟೆ ಹೊರಗಿಡಿ. ಟ್ರೈಪಾಡಿನ ಕಾಲುಗಳಲ್ಲಿ ಕೆಳಗಿನ ತೆಳು ಭಾಗವನ್ನೇ ಮೊದಲು ಎಳೆದುಕೊಳ್ಳಿ, ಮೇಲಿನ ಕೀಲುಗಳು ಉಪ್ಪು ನೀರಿನಿಂದ ಮೇಲುಳಿಯುತ್ತವೆ. ಮನೆಗೆ ಬಂದ ರಾತ್ರಿಯೇ, ಎಷ್ಟೇ ಸುಸ್ತಾಗಿರಲಿ, ಕಾಲು ಬಿಚ್ಚಿ ಸಿಹಿನೀರಲ್ಲಿ ತೊಳೆದು ಒರಗಿಸಿ. ನಮ್ಮ ಬಚ್ಚಲಲ್ಲಿ ಮಾರನೇ ದಿನ ಮರಳು ಕಂಡರೆ ಮನೆಯವಳು "ಈ ಸಲ ಯಾವ ಬೀಚು?" ಅಂತ ಕೇಳುತ್ತಾಳೆ. ಕಾಪುವಿನದಾ ಮರವಂತೆಯದಾ ಅಂತ ಬಣ್ಣ ನೋಡಿಯೇ ಹೇಳುವಷ್ಟು ಪಳಗಿದ್ದಾಳೆ ಈಗ.